ತರಗತಿಯ ನೆಲೆಗಳೂ ಕಲಿಕೆಯ ಯಂತ್ರವೂ

ಒಂದೇ ಕೊಠಡಿಯಲ್ಲಿ ಒಂದೇ ಪಠ್ಯಪುಸ್ತಕವನ್ನು ತೆರೆದು ಕುಳಿತ ಮಕ್ಕಳೆಲ್ಲರೂ ಅರಿವಿನಲ್ಲಿ ಸಮಾನರೆಂದು ಭಾವಿಸಿ ಪಾಠ ಹೇಳುವುದು ನಮ್ಮ ಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಆದರೆ ಆ ಭಾವನೆಗೆ ಆಧಾರವಿಲ್ಲ. ದೆಹಲಿಯ ಸರ್ಕಾರಿ ಶಾಲೆಗಳ ಮಕ್ಕಳನ್ನು ಪರೀಕ್ಷಿಸಿ ಕಾರ್ತಿಕ್ ಮುರಳೀಧರನ್, ಅಭಿಜಿತ್ ಸಿಂಗ್ ಮತ್ತು ಅಲೆಹಾಂದ್ರೊ ಗನಿಮಿಯನ್ ಎಂಬ ವಿದ್ವಾಂಸರು 2019ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆರನೆಯ ತರಗತಿಯ ಸಾಮಾನ್ಯ ವಿದ್ಯಾರ್ಥಿಯು ಗಣಿತದಲ್ಲಿ ಎರಡೂವರೆ ತರಗತಿಗಳಷ್ಟು ಹಿಂದೆ ಉಳಿದಿದ್ದನು. ಒಂದೇ ತರಗತಿಯ ಮಕ್ಕಳೊಳಗೇ ಐದಾರು ತರಗತಿಗಳ ಅಂತರವಿದ್ದಿತು. ಇಂಥಲ್ಲಿ ಕರಿಹಲಗೆಯ ಮುಂದೆ ನಿಂತು ಭಿನ್ನರಾಶಿಯನ್ನು ವಿವರಿಸುವ ಉಪಾಧ್ಯಾಯರ ಮಾತು, ಅವರೆಷ್ಟೇ ಸಮರ್ಥರಾದರೂ, ಭಾಗಾಕಾರವೇ ಬಾರದ ಬಾಲಕನನ್ನು ಮುಟ್ಟುವುದೆಂತು?

ಈ ಕಷ್ಟಕ್ಕೆ ಪರಿಹಾರವನ್ನು ಅರಸುವ ಕಾರ್ಯ ಕನ್ನಡನಾಡಿನಲ್ಲಿ ಟ್ಯಾಬ್ಲೆಟ್ಟುಗಳು ಕಾಣಿಸಿಕೊಳ್ಳುವುದಕ್ಕೆ ಬಹಳ ಮೊದಲೇ ಆರಂಭವಾಗಿದ್ದಿತು. ಮದನಪಲ್ಲಿಯ ಸಮೀಪದ ರಿಷಿ ವ್ಯಾಲಿಯ ಗ್ರಾಮಶಾಲೆಗಳನ್ನು ನೋಡಿಬಂದ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು, ಯುನಿಸೆಫ್ ಸಂಸ್ಥೆಯ ನೆರವಿನೊಡನೆ, 1995ರಲ್ಲಿ ತೊಡಗಿದ ‘ನಲಿ-ಕಲಿ’ಯಲ್ಲಿ ಮಕ್ಕಳು ಸಾಲುಸಾಲಾಗಿ ಕೂರುವುದಿಲ್ಲ, ಕಲಿಕಾ ಏಣಿಯಲ್ಲಿ ತಾವು ಮುಟ್ಟಿರುವ ಮೆಟ್ಟಿಲನ್ನು ತಾವೇ ನೋಡಿಕೊಂಡು, ಅದಕ್ಕೆ ತಕ್ಕ ಕಾರ್ಡನ್ನು ಎತ್ತಿಕೊಂಡು, ‘ತಟ್ಟೆ’ಗಳೆಂಬ ಗುಂಪುಗಳನ್ನು ಸೇರುತ್ತಾರೆ. ಒಂದು ತಟ್ಟೆಯವರಿಗೆ ಶಿಕ್ಷಕರ ಸಂಪೂರ್ಣ ಬೆಂಬಲ, ಇನ್ನೊಂದಕ್ಕೆ ಭಾಗಶಃ ಬೆಂಬಲ, ಮತ್ತೆ ಕೆಲವಕ್ಕೆ ಸಹಪಾಠಿಗಳ ಆಸರೆ, ಕಡೆಯದರಲ್ಲಿ ಸ್ವಕಲಿಕೆ. ಈಗ ಮಿಶ್ರ ಕಲಿಕೆಯ ನೆಲೆಗಳೆಂದು ಪ್ರಸಿದ್ಧವಾಗಿರುವ ವ್ಯವಸ್ಥೆಯು ಇದಕ್ಕೆ ಸಮೀಪದ್ದೇ: ಒಂದು ನೆಲೆಯಲ್ಲಿ ಉಪಾಧ್ಯಾಯರು, ಒಂದರಲ್ಲಿ ಕಂಪ್ಯೂಟರು, ಇನ್ನೊಂದರಲ್ಲಿ ಕೈಗೆಲಸವೋ ಗುಂಪಿನ ಚರ್ಚೆಯೋ, ನಿಗದಿಯಾದ ವೇಳೆ ಕಳೆದೊಡನೆ ಗುಂಪುಗಳು ನೆಲೆಯಿಂದ ನೆಲೆಗೆ ಸರಿಯುತ್ತವೆ.

ಯಂತ್ರದ ನೆಲೆಯಲ್ಲಿ ನಡೆಯುವುದೇನು? 0.5 ದೊಡ್ಡದೋ 0.45 ದೊಡ್ಡದೋ ಎಂದು ಕೇಳಿದರೆ, ಐದಕ್ಕಿಂತ ನಲವತ್ತೈದು ದೊಡ್ಡದಲ್ಲವೆ ಎಂಬ ಎಣಿಕೆಯಿಂದ ಎರಡನೆಯದನ್ನು ಆರಿಸುವ ಮಕ್ಕಳು ಬಹಳ. ಉತ್ತಮವಾದ ತಂತ್ರಾಂಶವು ಆ ಉತ್ತರವನ್ನು ತಪ್ಪೆಂದು ಹೇಳಿ ಸುಮ್ಮನಾಗದೆ, ತಪ್ಪಿನ ಹಿಂದಿರುವ ಎಣಿಕೆಯನ್ನು ಗುರುತಿಸಿ, ಅದನ್ನು ತಿದ್ದುವಂಥ ಪ್ರಶ್ನೆಯನ್ನೇ ಮುಂದಿಡುತ್ತದೆ. ಪದೇಪದೇ ಪ್ರಶ್ನಿಸಲ್ಪಡುವುದರಿಂದಲೇ ಸ್ಮೃತಿ ದೃಢವಾಗುವುದೆಂಬುದೂ ಮನಶ್ಶಾಸ್ತ್ರದಲ್ಲಿ ಸಿದ್ಧವಾದ ವಿಷಯ: ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಗದ್ಯಭಾಗವನ್ನು ಎರಡು ಸಲ ಓದಿದವರಿಗೆ ವಾರದ ಅನಂತರ ನೆನಪಿನಲ್ಲುಳಿದದ್ದು ಶೇಕಡ 42, ಒಮ್ಮೆ ಓದಿ, ಅನಂತರ ಅದನ್ನು ನೋಡದೆ ನೆನೆದು ಬರೆದವರಿಗೆ ಶೇಕಡ 56.

ಇಷ್ಟಾದರೂ, ಯಂತ್ರವನ್ನು ತಂದಿರಿಸಿದ ಮಾತ್ರದಿಂದ ಫಲ ದೊರೆಯುವುದೆಂದು ನಂಬುವುದು ಅಪಾಯಕರ. ಗುಜರಾತಿನ ‘ಜ್ಞಾನ ಶಾಲಾ’ ಸಂಸ್ಥೆಯ ತರಗತಿಗಳಲ್ಲಿ ನಡೆದ ಪ್ರಯೋಗವನ್ನು ಕುರಿತು ಲೀ ಲಿಂಡನ್ 2008ರಲ್ಲಿ ಬರೆದ ಪ್ರಬಂಧವು ಈ ವಿಷಯದಲ್ಲಿ ಕಣ್ತೆರೆಸುವಂಥದ್ದಾಗಿದೆ. ಕಂಪ್ಯೂಟರ್ ಕಲಿಕೆಯನ್ನು ಶಾಲೆಯ ವೇಳೆಯ ಹೊರಗೆ ಹೆಚ್ಚಿನ ಅಭ್ಯಾಸವಾಗಿ ಕೊಟ್ಟಲ್ಲಿ, ನೂರು ಮಕ್ಕಳ ಸಾಲಿನ ನಟ್ಟನಡುವೆ ಇದ್ದ ಮಗುವು, ಕೆಳಗಿನಿಂದ ಎಣಿಸಿದರೆ, ಸುಮಾರು 61ನೆಯ ಸ್ಥಾನಕ್ಕೆ ಏರುವಷ್ಟು ಲಾಭವಾಯಿತು. ಅದನ್ನೇ ಶಿಕ್ಷಕರ ಪಾಠದ ವೇಳೆಯನ್ನು ಕಿತ್ತುಕೊಂಡು ನಡೆಸಿದಲ್ಲಿ, ಅಂಥ ಮಗುವು ಸುಮಾರು 28ನೆಯ ಸ್ಥಾನಕ್ಕೆ ಇಳಿಯುವಷ್ಟು ನಷ್ಟವಾಯಿತು. ಕಲಿಕೆಯ ಕ್ರಮ ಒಂದೇ. ಅದಕ್ಕೆ ಕೊಟ್ಟ ಸ್ಥಾನ ಮಾತ್ರ ಬೇರೆ.

ಮೇಲೆ ಹೇಳಿದ ದೆಹಲಿಯ ಅಧ್ಯಯನವನ್ನೂ ಈ ಬೆಳಕಿನಲ್ಲಿ ನೋಡತಕ್ಕದ್ದು. ಅಲ್ಲಿ 619 ಮಕ್ಕಳೊಳಗಿಂದ ಚೀಟಿ ಎತ್ತಿ ಆರಿಸಿದವರಿಗೆ ಶಾಲೆಯ ಹೊರಗಿನ ಕೇಂದ್ರಗಳಲ್ಲಿ ‘ಮೈಂಡ್‌ಸ್ಪಾರ್ಕ್’ ತಂತ್ರಾಂಶದ ಅಭ್ಯಾಸ ದೊರೆಯಿತು. ನಾಲ್ಕೂವರೆ ತಿಂಗಳೊಳಗೆ, ಸಾಲಿನ ನಡುವಿನ ಮಗು ಗಣಿತದಲ್ಲಿ ಸುಮಾರು 64ನೆಯ ಸ್ಥಾನಕ್ಕೆ ಬರುವಷ್ಟು ಪ್ರಗತಿ ಕಂಡಿತು. ಆದರೆ ದಿನದ 90 ನಿಮಿಷಗಳಲ್ಲಿ ಯಂತ್ರಕ್ಕೆ ಮೀಸಲಾಗಿದ್ದದ್ದು 45 ನಿಮಿಷ ಮಾತ್ರ. ಉಳಿದ 45 ನಿಮಿಷ ಹನ್ನೆರಡರಿಂದ ಹದಿನೈದು ಮಕ್ಕಳ ನಡುವೆ ಬೋಧಕರೊಬ್ಬರು ಇರುತ್ತಿದ್ದರು. ಫಲದಲ್ಲಿ ಯಂತ್ರದ ಪಾಲೆಷ್ಟು, ಬೋಧಕರ ಪಾಲೆಷ್ಟೆಂದು ಆ ಅಂಕಿಗಳಿಂದ ಬೇರ್ಪಡಿಸಲಾಗದು.

ನನ್ನ ಅಭಿಪ್ರಾಯದಲ್ಲಿ, ಯಂತ್ರವು ತರಗತಿಗೆ ಕೊಡಬಲ್ಲ ಪರಮೋಪಕಾರವೆಂದರೆ ಉಪಾಧ್ಯಾಯರ ಬಿಡುವು: ಹತ್ತು ಮಕ್ಕಳು ಅಭ್ಯಾಸದಲ್ಲಿ ಮಗ್ನರಾಗಿರುವ ಆ ಇಪ್ಪತ್ತು ನಿಮಿಷಗಳಲ್ಲಿ, ಎಂದೂ ಕೈಯೆತ್ತದ ನಾಲ್ಕು ಮಕ್ಕಳ ನಡುವೆ ಕುಳಿತು, ಅವರು ಎಲ್ಲಿ ಎಡವುತ್ತಿರುವರೆಂದು ಸಮಾಧಾನದಿಂದ ಕೇಳಿ ತಿಳಿಯುವ ಅವಕಾಶ. ನೆಲೆಗಳಿದ್ದಲ್ಲಿ ಮೂವತ್ತು ಮಕ್ಕಳಿಗೆ ಮೂವತ್ತು ಟ್ಯಾಬ್ಲೆಟ್ಟುಗಳೂ ಬೇಕಿಲ್ಲ, ಹತ್ತು ಸಾಕು. ಆದುದರಿಂದ, ನಿಮ್ಮೂರಿನ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಟ್ಯಾಬ್ಲೆಟ್ಟುಗಳನ್ನು ಕೊಡಿಸುವ ಮಾತು ಬಂದಾಗ, ಎಷ್ಟು ಬೇಕೆಂದು ಲೆಕ್ಕ ಹಾಕುವುದಕ್ಕೆ ಮೊದಲು, ಮಕ್ಕಳು ಅವುಗಳ ಮುಂದೆ ಕುಳಿತಿರುವ ಹೊತ್ತಿನಲ್ಲಿ ಮೇಷ್ಟರು ಯಾವ ಮಕ್ಕಳ ಪಕ್ಕದಲ್ಲಿರುವರೆಂದು ದಯಮಾಡಿ ಕೇಳಿರಿ.