ಐವತ್ತು ವರ್ಷ ನೆಲದಡಿಯಲ್ಲಿದ್ದ ಕಾರು

ಅಮೆರಿಕದ ಓಕ್ಲಹೋಮ ಪ್ರಾಂತಕ್ಕೆ ರಾಜ್ಯದ ಸ್ಥಾನ ದೊರೆತು 1957ಕ್ಕೆ ಐವತ್ತು ವರ್ಷ ತುಂಬಿತು. ಆ ಸುವರ್ಣೋತ್ಸವದ ಸಂಭ್ರಮದಲ್ಲಿ ಟಲ್ಸಾ ನಗರದ ಮಹನೀಯರಿಗೆ ವಿಚಿತ್ರವಾದ ಯೋಚನೆಯೊಂದು ಹೊಳೆಯಿತು. ಇನ್ನು ಐವತ್ತು ವರ್ಷದ ಮೇಲೆ ಹುಟ್ಟಿ ಬಾಳುವವರಿಗೆ ತಮ್ಮ ಕಾಲದ ವೈಭವದ ಕುರುಹೊಂದನ್ನು ಕಳುಹಿಸಬೇಕು. ಅದು ಶಾಸನವಾಗಲಿ ಪ್ರತಿಮೆಯಾಗಲಿ ಆಗಿರದೆ ಕಾರಾಗಿರಬೇಕು! ಬಂಗಾರದ ಬಣ್ಣಕ್ಕೆ ಬಿಳಿಯ ಅಂಚು ಹೊಂದಿದ ಹೊಚ್ಚ ಹೊಸ ಪ್ಲಿಮತ್ ಬೆಲ್ವೆಡೇರ್ ಒಂದನ್ನು ಆರಿಸಿ, ಮೈಗೆಲ್ಲ ತುಕ್ಕುನಿರೋಧಕ ಜಿಡ್ಡನ್ನು ಬಳಿದು, ಹಾಳೆಗಳಲ್ಲಿ ಸುತ್ತಿ, ಜೂನ್ 15ರಂದು ನ್ಯಾಯಾಲಯದ ಮುಂದಿನ ಹುಲ್ಲುಹಾಸಿನ ಕೆಳಗೆ ಕಾಂಕ್ರೀಟಿನ ನೆಲಮಾಳಿಗೆಯಲ್ಲಿ ಇಳಿಸಿದರು. ಅಣುಬಾಂಬಿಗೂ ಜಗ್ಗದ ಗೋಡೆಯೆಂಬ ಹೆಮ್ಮೆ ಅವರಿಗಿದ್ದಿತು. 2007ರ ವೇಳೆಗೆ ಪೆಟ್ರೋಲ್ ಎಂಬುದೇ ಇರಲಾರದೇನೋ ಎಂಬ ಮುಂದಾಲೋಚನೆಯಿಂದ ಹತ್ತು ಗ್ಯಾಲನ್ ಪೆಟ್ರೋಲನ್ನೂ ಜೊತೆಗಿಟ್ಟರು. ಆ ಕಾಲದ ಗೃಹಿಣಿಯ ಕೈಚೀಲದಲ್ಲಿ ಏನೇನಿರುತ್ತಿತ್ತೆಂಬುದನ್ನು ತೋರಿಸಲು ಕೂದಲಪಿನ್ನು, ತುಟಿಯ ಬಣ್ಣ, ಸಿಗರೇಟು, ದಂಡ ಕಟ್ಟದ ಪಾರ್ಕಿಂಗ್ ಚೀಟಿ, ಮನಸ್ಸನ್ನು ಶಾಂತಗೊಳಿಸುವ ಗುಳಿಗೆಗಳ ಸೀಸೆ ಇವುಗಳೂ ಕಾರಿನೊಳಗೆ ಸೇರಿದವು. ಅಷ್ಟೊಂದು ಸಮೃದ್ಧಿಯ ನಾಡಿನಲ್ಲಿಯೂ ಆ ಗುಳಿಗೆ ಕೈಚೀಲದ ನಿತ್ಯವಸ್ತುವಾಗಿದ್ದಿತೆಂಬುದು ಗಮನಿಸತಕ್ಕ ಸಂಗತಿ.

2007ರಲ್ಲಿ ಟಲ್ಸಾದ ಜನಸಂಖ್ಯೆ ಎಷ್ಟಾಗಿರುವುದೆಂದು ಸರಿಸುಮಾರಾಗಿ ಊಹಿಸಿದವರಿಗೆ ಕಾರು ಬಹುಮಾನವೆಂದು ಸಾರಲಾಗಿತ್ತು. ಗೆದ್ದವನು 1979ರಲ್ಲಿಯೇ ತೀರಿಕೊಂಡಿದ್ದನು. ಬಹುಮಾನವು ಅವನ ವೃದ್ಧ ಸೋದರಿಯರ ಪಾಲಾಯಿತು.

ಆದರೆ ಅವರ ಪಾಲಿಗೆ ಬಂದುದೇನು? 2007ರ ಜೂನ್ 15ರಂದು ಸಾವಿರಾರು ಜನರ ಕಣ್ಣೆದುರಿನಲ್ಲಿ ಮೇಲೆತ್ತಿದಾಗ ಕಂಡುದು ಕೆಸರು ಮೆತ್ತಿದ ತುಕ್ಕಿನ ಮುದ್ದೆ. ಅಣುಬಾಂಬನ್ನು ತಡೆಯಬೇಕಾಗಿದ್ದ ಮಾಳಿಗೆಗೆ ಮಳೆಯ ನೀರನ್ನು ತಡೆಯಲಾಗಿರಲಿಲ್ಲ. ಒಳಗೆ ನೀರು ನಿಂತು, ಇಳಿದು, ಮತ್ತೆ ನಿಂತು, ಆಸನಗಳ ಬಟ್ಟೆ ಕರಗಿಹೋಗಿದ್ದಿತು, ಎಂಜಿನ್ ಬಿಗಿದುಕೊಂಡಿದ್ದಿತು. ವಿಧಿಯ ಅಣಕವೆಂಬಂತೆ, ಅದೇ ಮಾಳಿಗೆಯಲ್ಲಿ ಬೆಸುಗೆ ಹಾಕಿ ಮುಚ್ಚಿಟ್ಟಿದ್ದ ಉಕ್ಕಿನ ಪೆಟ್ಟಿಗೆಯೊಳಗಿನ ಧ್ವಜವೂ ಕಾಗದಪತ್ರಗಳೂ ನಿನ್ನೆ ಇಟ್ಟಂತಿದ್ದವು.

ಇಂತಹ ಕಾರಿಗೆ ಮತ್ತೆ ಜೀವ ಕೊಡಲಾದೀತೆ? ನ್ಯೂಜೆರ್ಸಿಯ ತುಕ್ಕುನಿವಾರಕ ದ್ರಾವಣ ತಯಾರಕರೊಬ್ಬರು ಆ ಸಾಹಸಕ್ಕೆ ಮುಂದಾದರು. ಅವರ ಕೆಲಸವನ್ನು ತಿಳಿಯುವ ಮೊದಲು, ಸಾಮಾನ್ಯವಾಗಿ ಐವತ್ತರ ದಶಕದ ಅಮೆರಿಕನ್ ಕಾರಿನ ಪುನರುದ್ಧಾರ ಹೇಗೆ ನಡೆಯುತ್ತದೆಂಬುದನ್ನು ತುಸು ನೋಡುವುದು ಒಳಿತು.

ಆ ಕಾರುಗಳ ರಚನೆಯೇ ಬೇರೆ. ಏಣಿಯಂತಹ ಉಕ್ಕಿನ ಚೌಕಟ್ಟು ಕೆಳಗೆ. ಅದರ ಮೇಲೆ ಬೋಲ್ಟುಗಳಿಂದ ಕೂರಿಸಿದ ಒಡಲು. ಆದ್ದರಿಂದ ನಿಷ್ಠಾವಂತ ಕುಶಲಿಯು ಮೊದಲು ಒಡಲನ್ನು ಚೌಕಟ್ಟಿನಿಂದ ಎತ್ತಿ ಬೇರ್ಪಡಿಸುತ್ತಾನೆ. ಬಿಚ್ಚಿದ ಪ್ರತಿಯೊಂದು ತಿರುಪಿಗೂ ಚೀಟಿ, ಪ್ರತಿಯೊಂದು ತಂತಿಗೂ ಛಾಯಾಚಿತ್ರ. ಬಿಚ್ಚುವುದು ವಾರದ ಕೆಲಸ. ಮತ್ತೆ ಜೋಡಿಸುವುದು ವರ್ಷಗಳ ಕೆಲಸ. ಚೀಟಿ ಹಚ್ಚುವ ಬೇಸರದ ಕೆಲಸವನ್ನು ಕಡೆಗಣಿಸಿದವರ ಕಾರುಗಳು ಡಬ್ಬಗಳಲ್ಲಿಯೇ ಉಳಿದು, ಕೊನೆಗೆ ಬಿಡಿಭಾಗಗಳಾಗಿ ಮಾರಾಟವಾಗುತ್ತವೆ.

ತುಕ್ಕನ್ನು ತೆಗೆಯುವ ಉಪಾಯಗಳಲ್ಲಿ ನಮ್ಮವರಿಗೆ ಬೆರಗೆನಿಸುವ ಒಂದುಂಟು: ಕಾಕಂಬಿ! ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ, ತುಕ್ಕುಹಿಡಿದ ಕಬ್ಬಿಣದ ಭಾಗವನ್ನು ಕೆಲವು ವಾರ ಮುಳುಗಿಸಿಟ್ಟರೆ, ತುಕ್ಕು ತಾನಾಗಿಯೇ ಬಿಟ್ಟುಕೊಂಡು ಒಳಗಿನ ಲೋಹ ಉಳಿಯುತ್ತದೆ. ಹುಣಸೆಹುಳಿಯಿಂದ ಹಿತ್ತಾಳೆಯ ಪಾತ್ರೆ ಬೆಳಗುವ ಗೃಹಿಣಿಗೆ ಇದರಲ್ಲಿ ಅಚ್ಚರಿಯೇನೂ ಕಾಣದಿರಬಹುದು. ಅಲ್ಯೂಮಿನಿಯಂ ಭಾಗಗಳನ್ನು ಮಾತ್ರ ಅದರಲ್ಲಿ ಹಾಕಬಾರದು. ಅದು ಲೋಹವನ್ನೇ ತಿಂದುಬಿಡುತ್ತದೆ. ಸೋಡಾ ಬೆರೆಸಿದ ನೀರಿನಲ್ಲಿ ವಿದ್ಯುತ್ ಹರಿಸಿಯೂ ತುಕ್ಕು ಬಿಡಿಸುತ್ತಾರೆ. ಅಲ್ಲಿ ವಿದ್ಯುದ್ವಾರಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಬಳಸಿದರೆ ಕ್ಯಾನ್ಸರ್ ತರಬಲ್ಲ ಕ್ರೋಮಿಯಂ ಸಂಯುಕ್ತವು ನೀರಿನಲ್ಲಿ ಸೇರುತ್ತದೆ. ಸಾಧಾರಣ ಕಬ್ಬಿಣದ ತುಂಡೇ ಕ್ಷೇಮಕರ.

ಆರೋಗ್ಯದ ಮಾತು ಬಂದಿತಷ್ಟೆ. ಹಳೆಯ ಕಾರಿನ ಹೊಳಪಿನ ಹಿಂದೆ ಅಡಗಿರುವ ವಿಷಗಳ ಬಗ್ಗೆ ಹವ್ಯಾಸಿಗಳು ಅಗತ್ಯಕ್ಕಿಂತ ಕಡಿಮೆ ಮಾತನಾಡುತ್ತಾರೆ. ಐವತ್ತರ ದಶಕದಲ್ಲಿ ಒಡಲಿನ ಹಲಗೆಗಳು ಕೂಡುವ ಸಂದುಗಳನ್ನು ಸೀಸದ ಬೆಸುಗೆಯಿಂದ ತುಂಬಿ ನುಣುಪು ಮಾಡುತ್ತಿದ್ದರು; ಬಣ್ಣದಲ್ಲಿಯೂ ಸೀಸವಿರುತ್ತಿತ್ತು. ಅದನ್ನು ಒಣಗಾಗಿ ಉಜ್ಜಿದರೆ ಏಳುವ ಧೂಳು ಉಸಿರಿನೊಡನೆ ರಕ್ತಕ್ಕೆ ಸೇರುತ್ತದೆ. ಅಷ್ಟೇ ಅಲ್ಲ, ಬಟ್ಟೆಗಂಟಿ ಮನೆಗೂ ಬರುತ್ತದೆ. ತಂದೆಯ ಅಂಗಿಯ ಧೂಳು ತೆವಳುವ ಕೂಸಿನ ಬಾಯಿ ಸೇರಿದರೆ, ಬೆಳೆಯುವ ಮೆದುಳಿಗೆ ಆಗುವ ಹಾನಿಯನ್ನು ಮತ್ತೆ ಸರಿಪಡಿಸಲಾಗದು. ಬ್ರೇಕಿನ ಪಟ್ಟಿಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತಿತ್ತು. ಡ್ರಮ್ಮನ್ನು ಬಿಚ್ಚಿದೊಡನೆ ಗಾಳಿಯ ಕೊಳವೆಯಿಂದ ಧೂಳನ್ನು ಊದುವುದು ಗ್ಯಾರೇಜುಗಳ ಹಳೆಯ ಚಾಳಿ. ಆ ಎಳೆಗಳು ಶ್ವಾಸಕೋಶದ ಹೊದಿಕೆಯಲ್ಲಿ ನೆಲೆಸಿ ಕ್ಯಾನ್ಸರಾಗಿ ತೋರಿಕೊಳ್ಳಲು ಮೂವತ್ತು ನಲವತ್ತು ವರ್ಷ ಹಿಡಿಯುವುದರಿಂದ, ಊದಿದವನಿಗೆ ಕಾರಣವೇ ಮರೆತುಹೋಗಿರುತ್ತದೆ. ಊದದೆ, ಒದ್ದೆ ಮಾಡಿ ಒರೆಸಿ ತೆಗೆಯುವುದೇ ಸರಿಯಾದ ಕ್ರಮ. ಮರಳನ್ನು ರಭಸದಿಂದ ಚಿಮ್ಮಿಸಿ ಬಣ್ಣ ಕೀಳುವವರಿಗೆ ಸಿಲಿಕೋಸಿಸ್ ಕಾದಿದೆ. ಅದಕ್ಕೆ ಬದಲಾಗಿ ಅಡಿಗೆ ಸೋಡಾದ ಪುಡಿಯನ್ನೋ ಅಕ್ರೋಟಿನ ಚಿಪ್ಪಿನ ಪುಡಿಯನ್ನೋ ಚಿಮ್ಮಿಸುವ ವಿಧಾನಗಳಿವೆ. ಇಂದಿನ ಎರಡು ಡಬ್ಬಗಳ ಬಣ್ಣದ ಆವಿಯೂ ಸಾಧುವಲ್ಲ. ಅದರಲ್ಲಿರುವ ಐಸೊಸಯನೇಟ್ ಎಂಬ ವಸ್ತು ಒಮ್ಮೆ ಉಬ್ಬಸ ಹಚ್ಚಿತೆಂದರೆ, ಮುಂದೆ ಅದರ ಸೋಂಕು ಮಾತ್ರದಿಂದಲೇ ಉಸಿರು ಕಟ್ಟೀತು. ಮೂಗಿಗೆ ಕರವಸ್ತ್ರ ಕಟ್ಟಿಕೊಳ್ಳುವುದು ಇದಾವುದಕ್ಕೂ ರಕ್ಷೆಯಲ್ಲ.

ಎಂಜಿನ್ ಮೊದಲ ಬಾರಿಗೆ ಗುಡುಗಿದಾಗಿನ ಆನಂದದಲ್ಲಿ ಗ್ಯಾರೇಜಿನ ಬಾಗಿಲು ತೆರೆಯುವುದನ್ನು ಮರೆತವರು ಪ್ರಾಣ ತೆತ್ತಿದ್ದಾರೆ. ಆ ಕಾಲದ ಎಂಜಿನ್ನುಗಳ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಹೇರಳ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನೆಲದ ತಗಡು ತುಕ್ಕಿನಿಂದ ತೂತಾಗಿದ್ದರೆ ಓಡುವ ಕಾರಿನೊಳಕ್ಕೂ ಅದು ನುಗ್ಗುತ್ತದೆ.

ಇನ್ನೊಂದು ಪ್ರಶ್ನೆಯ ಮೇಲೆ ಪುನರುದ್ಧಾರಕರಲ್ಲಿ ಎರಡು ಪಂಗಡಗಳೇ ಇವೆ. ಕಾರ್ಖಾನೆಯಿಂದ ಹೊರಬಂದಂತೆಯೇ ಇರಬೇಕೆನ್ನುವವರು ಒಂದು ಕಡೆ, ಓಡಿಸುವವನ ಜೀವಕ್ಕೆ ಭದ್ರತೆ ಬೇಡವೇ ಎನ್ನುವವರು ಇನ್ನೊಂದು ಕಡೆ. 1957ರ ಕಾರಿನಲ್ಲಿ ಬ್ರೇಕಿಗೆ ಒಂದೇ ದ್ರವಮಾರ್ಗ. ಕೊಳವೆ ಒಡೆದರೆ ನಾಲ್ಕು ಚಕ್ರಗಳೂ ಸ್ವತಂತ್ರ. ಸ್ಟೀರಿಂಗಿನ ದಂಡವು ಅಪಘಾತದಲ್ಲಿ ಕುಸಿಯದೆ ಎದೆಗೆ ನೆಟ್ಟುಕೊಳ್ಳುವ ಈಟಿ. ಸೀಟ್‌ಬೆಲ್ಟು ಅಮೆರಿಕದಲ್ಲಿ ಕಡ್ಡಾಯವಾದುದು 1968ರಲ್ಲಿ. ಹಳೆಯ ಕಾರುಗಳ ತಗಡು ದಪ್ಪ, ಆದ್ದರಿಂದ ಅವೇ ಭದ್ರವೆಂಬ ಮಾತು ನಮ್ಮಲ್ಲಿಯೂ ಕೇಳಿಬರುತ್ತದೆ. ಅಲ್ಲಿನ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷಾ ಸಂಸ್ಥೆಯು 2009ರಲ್ಲಿ 1959ರ ಷೆವರ್ಲೆ ಬೆಲ್ ಏರ್ ಕಾರಿಗೂ 2009ರ ಷೆವರ್ಲೆ ಮಾಲಿಬುಗೂ ಗಂಟೆಗೆ 64 ಕಿ.ಮೀ. ವೇಗದಲ್ಲಿ ಡಿಕ್ಕಿ ಹೊಡೆಸಿ ಈ ನಂಬಿಕೆಯನ್ನು ಒರೆಗೆ ಹಚ್ಚಿತು. ಹಳೆಯ ಕಾರಿನ ಚಾಲಕನ ಜಾಗದಲ್ಲಿದ್ದ ಬೊಂಬೆಯ ಗತಿ ಸಾವೆಂದೇ ಲೆಕ್ಕವಾಯಿತು. ಹೊಸದರಲ್ಲಿದ್ದುದಕ್ಕೆ ಕಾಲಿನ ಸಣ್ಣ ಪೆಟ್ಟು. ಬೆಲ್ಟನ್ನೂ ಇಮ್ಮಡಿ ಬ್ರೇಕಿನ ಸಿಲಿಂಡರನ್ನೂ ಅಳವಡಿಸಿದವರು ಕಾರಿನ ಶೀಲವನ್ನು ಕೆಡಿಸಿದರೆಂದು ದೂರುವುದು ನ್ಯಾಯವಲ್ಲ. ಬಣ್ಣ, ಕ್ರೋಮು, ಗುಂಡಿ ಒತ್ತಿ ಗೇರು ಬದಲಿಸುವ ಆ ಸೊಗಸು ಇವೆಲ್ಲ ಹಾಗೆಯೇ ಉಳಿದಿರುತ್ತವಲ್ಲ.

ಪ್ಲಿಮತ್ ಎಂಬ ಹೆಸರು ನಮಗೂ ಪರಕೀಯವಲ್ಲ. ಮುಂಬಯಿಯ ಕುರ್ಲಾದಲ್ಲಿ ವಾಲ್‌ಚಂದ್ ಹಿರಾಚಂದರ ಪ್ರೀಮಿಯರ್ ಕಾರ್ಖಾನೆಯು 1947ರಿಂದ ಕ್ರೈಸ್ಲರ್ ಸಂಸ್ಥೆಯ ಡಾಡ್ಜ್, ಡಿಸೋಟೊ, ಪ್ಲಿಮತ್ ಕಾರುಗಳನ್ನು ಜೋಡಿಸಿತು. ಅದಕ್ಕೂ ಹಿಂದಿನ ಕಥೆಯಲ್ಲಿ ಕನ್ನಡಿಗರ ಪಾಲಿದೆ. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಅಮೆರಿಕ, ಯೂರೋಪುಗಳ ಮೋಟಾರು ಕಾರ್ಖಾನೆಗಳನ್ನು ಕಂಡು ಬಂದು ಭಾರತದಲ್ಲಿ ಕಾರು ತಯಾರಿಕೆಯ ಯೋಜನೆಯನ್ನು ಸಿದ್ಧಪಡಿಸಿದ್ದರು. ವಾಲ್‌ಚಂದರು ಅವರ ಜೊತೆಗೂಡಿದರು. ಮೈಸೂರು ಸಂಸ್ಥಾನದಲ್ಲಿಯೇ ಅದು ತಲೆಯೆತ್ತಬೇಕೆಂಬ ಪ್ರಯತ್ನಕ್ಕೆ ಆಗಿನ ಬ್ರಿಟಿಷ್ ಸರ್ಕಾರದ ಬೆಂಬಲ ದೊರೆಯಲಿಲ್ಲ. ಮುಂದೆ ಕುರ್ಲಾದ ಕಾರ್ಖಾನೆಯು ಫಿಯೆಟ್ಟಿನ ಕಡೆಗೆ ಹೊರಳಿತು. ಅದರ ಕೂಸಾದ ಪದ್ಮಿನಿ ಟ್ಯಾಕ್ಸಿಯ ಕೊನೆಯದು ಮುಂಬಯಿಯ ಬೀದಿಯಿಂದ ನಿವೃತ್ತವಾದದ್ದು 2023ರ ಅಕ್ಟೋಬರಿನಲ್ಲಿ. ಅಜ್ಜನ ಕಾಲದ ಡಾಡ್ಜನ್ನೋ ಪ್ಲಿಮತ್ತನ್ನೋ ಕಾಪಾಡಿಕೊಂಡಿರುವವರು ಅರಿಯಬೇಕಾದುದೊಂದಿದೆ. 2021ರ ಕೇಂದ್ರ ನಿಯಮಗಳಂತೆ ಐವತ್ತು ವರ್ಷ ದಾಟಿದ ವಾಹನವನ್ನು 20,000 ರೂಪಾಯಿ ಶುಲ್ಕ ತೆತ್ತು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಚೌಕಟ್ಟು, ಒಡಲು, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಟು ಆಗಿರಬಾರದು. ನಿತ್ಯದ ಓಡಾಟಕ್ಕೂ ಬಾಡಿಗೆಗೂ ಅದನ್ನು ಬಳಸುವಂತಿಲ್ಲ.

ಟಲ್ಸಾದ ಕಾರಿಗೆ ಮರಳೋಣ. ನ್ಯೂಜೆರ್ಸಿಯಲ್ಲಿ ಸುಮಾರು ಎರಡು ವರ್ಷ ಅದರ ಮೈಮೇಲೆ ದ್ರಾವಣವನ್ನು ಸುರಿಸುತ್ತ ತುಕ್ಕನ್ನು ಇಳಿಸಲಾಯಿತು. ಕೆಸರಿನ ಕೆಳಗಿನಿಂದ ಬಂಗಾರದ ಬಣ್ಣ ಅಲ್ಲಲ್ಲಿ ಇಣುಕಿತು. ಕ್ರೋಮಿನ ಕೆಲವು ಪಟ್ಟಿಗಳು ಮತ್ತೆ ಮಿರುಗಿದವು. ಆದರೆ ತುಕ್ಕು ಹೋದಮೇಲೆ ಉಳಿದ ತಗಡು ಹಲವೆಡೆ ಕಾಗದದಷ್ಟು ತೆಳ್ಳಗಿದ್ದಿತು. ಚೌಕಟ್ಟಿನ ಹಿಂಭಾಗಕ್ಕೆ ತನ್ನ ಭಾರವನ್ನೇ ಹೊರುವ ಶಕ್ತಿ ಇರಲಿಲ್ಲವಾಗಿ ಅದೇ ಕಾಲದ ಬೇರೊಂದು ಪ್ಲಿಮತ್ತಿನ ಚೌಕಟ್ಟನ್ನು ಕಸಿ ಮಾಡಿ ನಿಲ್ಲಿಸಬೇಕಾಯಿತು. ಇನ್ನೂ ಮುಂದುವರಿದು ಎಲ್ಲವನ್ನೂ ಬದಲಿಸಬಹುದಾಗಿತ್ತು. ಹೊಸ ತಗಡು, ಹೊಸ ಎಂಜಿನ್, ಹೊಸ ಬಣ್ಣ. ಆದರೆ ಹಾಗೆ ಹೊರಬರುವ ಕಾರು ನೆಲದಡಿ ಐವತ್ತು ವರ್ಷ ಕಳೆದ ಕಾರಾಗಿರುತ್ತಿತ್ತೆ? ಓಡುವಂತೆ ಮಾಡುವ ಆಸೆಯನ್ನು ಅವರು ಅಲ್ಲಿಗೇ ಕೈಬಿಟ್ಟರು. ಬಳಿಕ ಅದನ್ನು ಇಟ್ಟುಕೊಳ್ಳುವವರನ್ನು ಹುಡುಕುವುದೇ ಒಂದು ಕೆಲಸವಾಯಿತು. ಕೊನೆಗೆ 2017ರಲ್ಲಿ ಇಲಿನಾಯಿ ರಾಜ್ಯದ ರಾಸ್ಕೋ ಎಂಬ ಊರಿನ ಮೋಟಾರು ವಸ್ತುಸಂಗ್ರಹಾಲಯವೊಂದು ಅದನ್ನು ಸ್ವೀಕರಿಸಿತು.

ಟಲ್ಸಾದವರು 1998ರಲ್ಲಿ ಇನ್ನೊಂದು ಕಾರನ್ನು ಇಂತಹುದೇ ಕಾಣಿಕೆಯಾಗಿ ಮುಚ್ಚಿಟ್ಟಿದ್ದಾರೆ. ಅದೂ ಪ್ಲಿಮತ್ತೇ, ಪ್ರೌಲರ್ ಎಂಬ ಜಾತಿಯದು. ಅದನ್ನು ತೆರೆಯುವುದು 2048ರಲ್ಲಿ. ಪ್ಲಿಮತ್ ಎಂಬ ಹೆಸರಿನಲ್ಲಿ ಕಾರು ಮಾಡುವುದು 2001ಕ್ಕೇ ನಿಂತುಹೋಗಿದೆ. ಈ ಬಾರಿ ಮಾಳಿಗೆಯನ್ನು ನೆಲದ ಮೇಲೆಯೇ ಕಟ್ಟಿದ್ದಾರೆ.