ಲೋಹದ ಒಳರಚನೆಯಲ್ಲಿ ಅದರ ಗುಣ

ಕುಲುಮೆಯಲ್ಲಿ ಕೆಂಪಗೆ ಕಾಯಿಸಿದ ಕುಡುಗೋಲನ್ನು ನೀರಿಗೆ ಅದ್ದಿ ಗಡುಸು ಮಾಡುವುದು ಸಂತೇಬೆನ್ನೂರಿನಂಥ ಊರುಗಳ ವಿದ್ಯಾರ್ಥಿಗಳಿಗೆ ಹೊಸತಲ್ಲ. ಅದ್ದುವ ಮೊದಲೂ ಅನಂತರವೂ ಉಕ್ಕಿನಲ್ಲಿರುವ ಕಬ್ಬಿಣ, ಇಂಗಾಲಗಳ ಪ್ರಮಾಣ ಒಂದೇ. ಹಾಗಾದರೆ ಬದಲಾದದ್ದೇನು? ಲೋಹದ ಸೂಕ್ಷ್ಮರಚನೆ. ಆದ್ದರಿಂದ ಲೋಹದ ಗುಣವನ್ನು ಅರಿಯಲು ರಾಸಾಯನಿಕ ವಿಶ್ಲೇಷಣೆಯೊಂದೇ ಸಾಲದು.

ಲೋಹವೆಂದರೆ ಅಸಂಖ್ಯ ಹರಳುಕಣಗಳ ಒಕ್ಕೂಟ. ಸತು ಲೇಪಿಸಿದ ಹೊಸ ಬಕೆಟ್ಟಿನ ಮೇಲಿನ ಹೂವಿನಂಥ ಚಿತ್ತಾರ ಸತುವಿನ ಕಣಗಳೇ. ಉಕ್ಕಿನ ಕಣಗಳು ಬಹಳ ಸಣ್ಣವು. ಅವನ್ನು ನೋಡಲು ಸೂಕ್ಷ್ಮದರ್ಶಕ ಬೇಕು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹೆನ್ರಿ ಕ್ಲಿಫ್ಟನ್ ಸಾರ್ಬಿ 1860ರ ದಶಕದಲ್ಲಿ ಈ ವಿಧಾನಕ್ಕೆ ಬುನಾದಿ ಹಾಕಿದರು.

ಮಾದರಿಯನ್ನು ಒರಟು, ನಯ ಎಮರಿ ಕಾಗದಗಳ ಮೇಲೆ ಕ್ರಮವಾಗಿ ಉಜ್ಜಿ, ಕನ್ನಡಿಯಂತೆ ಹೊಳಪು ಮಾಡುತ್ತಾರೆ. ಈ ಹಂತದಲ್ಲಿ ಕಣಗಳು ಕಾಣವು. ಆಲ್ಕೊಹಾಲಿನಲ್ಲಿ ಬೆರೆಸಿದ ಸುಮಾರು 2% ನೈಟ್ರಿಕ್ ಆಮ್ಲವನ್ನು ಕೆಲವು ಸೆಕೆಂಡು ಸವರಿದರೆ ಕಣಗಳ ಅಂಚುಗಳು ಬೇಗ ಕೊರೆದುಹೋಗುತ್ತವೆ. ಮೇಲಿನಿಂದ ಬಿದ್ದ ಬೆಳಕು ಅಲ್ಲಿ ಚದರಿ, ಅಂಚುಗಳು ಕಪ್ಪು ಗೆರೆಗಳಾಗಿ ತೋರುತ್ತವೆ.

ನಿಧಾನವಾಗಿ ತಣಿದ ಉಕ್ಕಿನಲ್ಲಿ ಬೆಳ್ಳನೆಯ ಮೃದು ಫೆರೈಟ್, ಮತ್ತು ಫೆರೈಟ್-ಸಿಮೆಂಟೈಟ್ ಪದರಗಳಿಂದಾದ ಕಪ್ಪನೆಯ ಪರ್ಲೈಟ್ ಕಾಣುತ್ತವೆ. ಪರ್ಲೈಟ್‌ನಲ್ಲಿ ಇಂಗಾಲ ಸುಮಾರು 0.8%. ಹೀಗಾಗಿ ನೋಟದ ಅರ್ಧಭಾಗ ಪರ್ಲೈಟ್ ಇದ್ದರೆ ಆ ಉಕ್ಕಿನ ಇಂಗಾಲ ಸುಮಾರು 0.4% ಎಂದು ಲೆಕ್ಕ ಹಾಕಬಹುದು. ಇದೇ ಉಕ್ಕನ್ನು ಕಾಯಿಸಿ ಥಟ್ಟನೆ ತಣಿಸಿದರೆ ಇಂಗಾಲಕ್ಕೆ ಹೊರಬರಲು ಸಮಯವಿಲ್ಲದೆ ಸೂಜಿಯಾಕಾರದ ಮಾರ್ಟೆನ್ಸೈಟ್ ಉಂಟಾಗುತ್ತದೆ. ಅದು ಬಲು ಗಡುಸು, ಆದರೆ ಪೆಡಸು.

ಕಣದ ಗಾತ್ರವೂ ಮುಖ್ಯ. ಲೋಹ ಬಾಗುವಾಗ ಹರಳಿನೊಳಗಿನ ದೋಷಗಳು ಸರಿಯುತ್ತವೆ. ಕಣದ ಅಂಚುಗಳು ಅವನ್ನು ತಡೆಯುತ್ತವೆ. ಹಾಲ್-ಪೆಚ್ ಸೂತ್ರದಂತೆ, ಕಣದ ವ್ಯಾಸ ಕಾಲುಭಾಗಕ್ಕೆ ಇಳಿದರೆ ಅಂಚುಗಳಿಂದ ಬರುವ ಬಲ ಇಮ್ಮಡಿಯಾಗುತ್ತದೆ.

ಮುರಿದು ಪರೀಕ್ಷಿಸಲಾಗದ ವಸ್ತುಗಳಿಗೆ ಈ ವಿಧಾನ ವರದಾನ. ನೆರೆಯ ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಹಿಂದೆ ಮೂಸೆಗಳಲ್ಲಿ ಉಕ್ಕು ತಯಾರಿಸುತ್ತಿದ್ದರು. ಯೂರೋಪಿನಲ್ಲಿ ‘ವೂಟ್ಜ್’ ಎಂದು ಹೆಸರಾದದ್ದು ಇಂಥ ಉಕ್ಕೇ. ಆ ಹೆಸರು ನಮ್ಮ ‘ಉಕ್ಕು’ ಪದದಿಂದ ಬಂದಿತೆಂಬುದು ಅನೇಕ ವಿದ್ವಾಂಸರ ಮತ. ಸಾಮಾನ್ಯವಾಗಿ 1.2ರಿಂದ 1.8% ಇಂಗಾಲವುಳ್ಳ ಈ ಉಕ್ಕಿನಲ್ಲಿ ಪರ್ಲೈಟ್ ಕಣಗಳ ಸುತ್ತ ಸಿಮೆಂಟೈಟ್ ಬಲೆ ಕಾಣಬಹುದು. ಹದವಾದ ಕಾವಿನಲ್ಲಿ ಬಡಿದರೆ ಈ ಸಿಮೆಂಟೈಟ್ ಒಡೆದು ಸಾಲುಗಟ್ಟುತ್ತದೆ. ಡಮಾಸ್ಕಸ್ ಖಡ್ಗಗಳ ಅಲೆಯಂಥ ಗೆರೆಗಳು ಇವೇ. ಬಲೆ ಹಾಗೆಯೇ ಉಳಿದರೆ ಅಲಗು ಸುಲಭವಾಗಿ ಮುರಿಯುತ್ತದೆ. ಉಗುರಿನಷ್ಟು ಚೂರು ಸಿಕ್ಕರೂ ಸಾಕು, ಅದನ್ನು ಎಷ್ಟು ಕಾಯಿಸಿದರು, ಹೇಗೆ ತಣಿಸಿದರು ಎಂಬುದನ್ನು ಸೂಕ್ಷ್ಮರಚನೆಯಿಂದ ಊಹಿಸಬಹುದು.