ಜೈಲಿನಲ್ಲೂ ಹಕ್ಕು ಇದೆ



"ಜೈಲಿಗೆ ಹೋದೋನಿಗೆ ಎಂಥಾ ಹಕ್ಕು? ಹಾಕಿದ್ದು ತಿಂದ್ಕೊಂಡು ಬಿದ್ದಿರಬೇಕು" ಎಂದು ಕಟ್ಟೆ ಮೇಲೆ ಕೂತವರು ಮಾತಾಡುವುದನ್ನು ಕೇಳಿದ್ದೇವೆ. ಕಾನೂನು ಹಾಗೆ ಹೇಳುವುದಿಲ್ಲ.

ಒಂದು ನಿಜ ಸಂಗತಿ ನೋಡಿ. ಸ್ಟ್ಯಾನ್ ಸ್ವಾಮಿ ಎಂಬ ಪಾದ್ರಿಗಳು ಮೊದಲು ಬೆಂಗಳೂರಿನಲ್ಲಿ, ಆಮೇಲೆ ಜಾರ್ಖಂಡಿನ ಆದಿವಾಸಿಗಳ ನಡುವೆ ಕೆಲಸ ಮಾಡಿದವರು. 2020ರ ಅಕ್ಟೋಬರಿನಲ್ಲಿ ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಅವರನ್ನು ಬಂಧಿಸಿ ಮುಂಬಯಿ ಹತ್ತಿರದ ತಲೋಜಾ ಜೈಲಿನಲ್ಲಿಟ್ಟರು. ಆಗ ಅವರಿಗೆ 83 ವರ್ಷ. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗಿ ಲೋಟ ಹಿಡಿಯೋಕೆ ಆಗುತ್ತಿರಲಿಲ್ಲ. ನೀರು ಕುಡಿಯಲು ಒಂದು ಸ್ಟ್ರಾ, ಒಂದು ಸಿಪ್ಪರ್ ಬೇಕೆಂದು ಕೋರ್ಟಿಗೆ ಅರ್ಜಿ ಹಾಕಿದರು. ಉತ್ತರ ಕೊಡಲು ತನಿಖಾ ಸಂಸ್ಥೆ 20 ದಿನ ಕೇಳಿತು! 2021ರ ಜುಲೈ 5ರಂದು ಅವರು ಆಸ್ಪತ್ರೆಯಲ್ಲಿ ತೀರಿಕೊಂಡರು. ವಿಚಾರಣೆ ಇನ್ನೂ ಶುರುವೇ ಆಗಿರಲಿಲ್ಲ. ಆರೋಪ ನಿಜವೋ ಸುಳ್ಳೋ ಎಂಬುದು ಬೇರೆ ಮಾತು. ಬಾಯಾರಿಕೆ ಮಾತ್ರ ಎಲ್ಲರಿಗೂ ಒಂದೇ.

ಹಾಗಾದರೆ ಕಾನೂನಿನಲ್ಲಿ ಏನಿದೆ?

1. ಸಂವಿಧಾನದ 21ನೇ ವಿಧಿ ಬದುಕುವ ಹಕ್ಕನ್ನು ಕೊಟ್ಟಿದೆ. ಕೈದಿಯಾದ ಮಾತ್ರಕ್ಕೆ ಮೂಲಭೂತ ಹಕ್ಕುಗಳೆಲ್ಲ ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟು 1978ರಲ್ಲೇ ಸುನಿಲ್ ಬಾತ್ರಾ ಪ್ರಕರಣದಲ್ಲಿ ಹೇಳಿದೆ.

2. ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಇದರಲ್ಲಿ 21 ಬಗೆಯ ಅಂಗವಿಕಲತೆಗಳಿವೆ. ಪಾರ್ಕಿನ್ಸನ್ ಕೂಡ ಇದೆ. ಅವರನ್ನು ಕ್ರೂರವಾಗಿ ನಡೆಸಿಕೊಳ್ಳಬಾರದು, ಅವರಿಗೆ ಬೇಕಾದ ಅನುಕೂಲ ಮಾಡಿಕೊಡಬೇಕು ಎನ್ನುತ್ತದೆ ಈ ಕಾಯ್ದೆ.

3. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ತಮಿಳುನಾಡಿನ ಜೈಲುಗಳ ಬಗ್ಗೆ ತೀರ್ಪು ಕೊಟ್ಟಿತು. ಜೈಲಿಗೆ ಸೇರಿಸುವಾಗಲೇ ಅಂಗವಿಕಲತೆ ಇದೆಯೇ ಎಂದು ಗುರುತಿಸಬೇಕು. ಗಾಲಿಕುರ್ಚಿ ಹೋಗುವಂಥ ಇಳಿಜಾರು ದಾರಿ, ಬಳಸಲು ಆಗುವಂಥ ಪಾಯಿಖಾನೆ ಇರಬೇಕು. ಜೈಲಿನ ನಿಯಮಗಳನ್ನು ಕಣ್ಣು ಕಾಣದವರಿಗೆ ಬ್ರೈಲ್ ಲಿಪಿಯಲ್ಲಿ, ಕಿವಿ ಕೇಳದವರಿಗೆ ಸಂಜ್ಞೆ ಭಾಷೆಯಲ್ಲಿ ತಿಳಿಸಬೇಕು.

4. ಬಂಧನದಲ್ಲಿರುವವರಿಗೂ ಅಂಗವಿಕಲರಿಗೂ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಪುಕ್ಕಟೆ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ ಆಯಿತು. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಜೈಲು ಶಿಕ್ಷೆ ಅಂದರೆ ಹೊರಗೆ ತಿರುಗಾಡುವ ಸ್ವಾತಂತ್ರ್ಯ ಹೋಗುವುದು. ಕಾಲಿಲ್ಲದವನು ಪಾಯಿಖಾನೆಗೆ ತೆವಳಿಕೊಂಡು ಹೋಗಬೇಕೆಂದು ಯಾವ ನ್ಯಾಯಾಧೀಶರೂ ತೀರ್ಪು ಬರೆಯುವುದಿಲ್ಲ. ಹಾಗೆ ತೆವಳಬೇಕಾಗಿ ಬಂದರೆ ಅದು ಕೋರ್ಟು ಕೊಡದೇ ಇದ್ದ ಎರಡನೇ ಶಿಕ್ಷೆ. ಆದ್ದರಿಂದ ಸ್ಟ್ರಾ, ಊರುಗೋಲು, ಗಾಲಿಕುರ್ಚಿ ಕೊಡುವುದು ಜೈಲಿನವರು ತೋರಿಸುವ ಕರುಣೆಯಲ್ಲ. ಅದು ಕೈದಿಯ ಹಕ್ಕು. ಕಟ್ಟೆ ಮೇಲೆ ಆ ಮಾತು ಮತ್ತೆ ಬಂದರೆ ಇಷ್ಟನ್ನು ನಾವು ಹೇಳೋಣ.